ಎತ್ತರ ಬದಲಾಗುವ ಹ್ಯಾಂಡಲ್‌ಬಾರ್ ಇರುವ ಸ್ನೋಮೊಬೈಲ್‌ಗೆ ಥ್ರಾಟಲ್ ಕೇಬಲ್ ಹೊಂದಿಸುವುದು: ಸಮಗ್ರ ಮಾರ್ಗದರ್ಶಿ

ಹಿಮದ ಮೇಲೆ ಓಡುವ ನನ್ನ ಗಾಡಿಯ, ಅಂದರೆ ಸ್ನೋಮೊಬೈಲ್‌ನ, ಹ್ಯಾಂಡಲ್‌ಬಾರ್ ಎರಡು ಇಂಚು ಮೇಲೆತ್ತಿದ ದಿನ ನನಗೆ ಬಹಳ ಖುಷಿಯಾಗಿತ್ತು. ನಿಂತು ಓಡಿಸುವಾಗ ಇನ್ನು ಸೊಂಟ ಬಗ್ಗಿಸಬೇಕಾಗಿಲ್ಲ. ಥ್ರಾಟಲ್ (ಎಂಜಿನ್ ರೇಸ್ ಮಾಡುವ ಹೆಬ್ಬೆರಳಿನ ಲಿವರ್) ಒತ್ತಿ ಬಿಟ್ಟೆ, ಟಕ್ ಅಂತ ವಾಪಸ್ ಬಂತು. ಕೆಲಸ ಮುಗೀತು ಅಂದುಕೊಂಡು ಎಂಜಿನ್ ಶುರು ಮಾಡಿ, ಗಾಡಿ ತಿರುಗಿಸೋಣ ಅಂತ ಹ್ಯಾಂಡಲ್ ಪೂರ್ತಿ ಎಡಕ್ಕೆ ಎಳೆದೆ. ಹೆಬ್ಬೆರಳು ಲಿವರ್ ಮೇಲೆ ಇರಲೇ ಇಲ್ಲ. ಆದರೂ ಎಂಜಿನ್ ತಾನಾಗಿಯೇ ರೇಸ್ ಆಯಿತು, ಕ್ಲಚ್ ಬೆಲ್ಟನ್ನು ಹಿಡಿಯಿತು, ಗಾಡಿ ಮುಂದಕ್ಕೆ ನುಗ್ಗಿತು. ಕಿಲ್ ಸ್ವಿಚ್ ಒತ್ತುವಷ್ಟರಲ್ಲಿ ಎರಡೂ ಸ್ಕಿಗಳು ಹಿಮದ ಗುಡ್ಡೆಯೊಳಗೆ ಹೊಕ್ಕಿದ್ದವು.

ಯಾರಿಗೂ ಏನೂ ಆಗಲಿಲ್ಲ, ತಪ್ಪು ಪೂರ್ತಿ ನನ್ನದೇ. ಹ್ಯಾಂಡಲ್ ನೇರವಾಗಿದ್ದಾಗ ಮಾತ್ರ ಪರೀಕ್ಷೆ ಮಾಡಿದ್ದೆ. ಮೇಲೆ ಎತ್ತಿದ ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಕೇಬಲ್ ಎಷ್ಟು ದೂರ ಹೋಗಬೇಕು ಅಂತ ಯೋಚಿಸಿಯೇ ಇರಲಿಲ್ಲ. ಹಾಗಾಗಿ ಈ ಬರಹದಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ಕೇಬಲ್‌ನ ಸಡಿಲವನ್ನು ಹ್ಯಾಂಡಲ್ ಇರುವ ಅತಿ ಕಷ್ಟದ ಜಾಗದಲ್ಲಿ ಅಳೆಯಿರಿ, ಸುಲಭದ ಜಾಗದಲ್ಲಿ ಅಲ್ಲ.

ಮೊದಲು, ನಿಮ್ಮ ಗಾಡಿಯಲ್ಲಿ ಕೇಬಲ್ ಇದೆಯೇ?

ಇದು ತಮಾಷೆಯ ಪ್ರಶ್ನೆ ಅಲ್ಲ. ಹೊಸ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಕೆಲವಕ್ಕೆ ಥ್ರಾಟಲ್ ಕೇಬಲ್ಲೇ ಇರುವುದಿಲ್ಲ. ಲಿವರ್ ಹತ್ತಿರ ಒಂದು ಸೆನ್ಸರ್, ಎಂಜಿನ್ ಹತ್ತಿರ ಒಂದು ಮೋಟರ್, ನಡುವೆ ವೈರ್. ಅಂಥ ಗಾಡಿಯಲ್ಲಿ ಹ್ಯಾಂಡಲ್ ಎತ್ತಿದಾಗ ವೈರ್ ಎಳೆದುಕೊಳ್ಳದ ಹಾಗೆ ನೋಡಿಕೊಂಡರೆ ಸಾಕು, ಹೊಂದಿಸಲು ಏನೂ ಇಲ್ಲ.

ಕೇಬಲ್ ಇದ್ದರೆ ಮತ್ತೆ ಎರಡು ಜಾತಿ. ಹಳೆಯ ಟು ಸ್ಟ್ರೋಕ್‌ಗಳಲ್ಲಿ ಕಾರ್ಬುರೇಟರ್: ಮಿಕುನಿ ಕಂಪನಿಯ ವಿಎಂ ತರಹದ್ದು, ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಒಂದು ಸ್ಲೈಡ್ ಮೇಲೆ ಕೆಳಗೆ ಓಡಾಡುತ್ತದೆ. ಫ್ಯೂಯಲ್ ಇಂಜೆಕ್ಷನ್ ಇರುವವುಗಳಲ್ಲಿ ಥ್ರಾಟಲ್ ಬಾಡಿ: ಒಂದು ತಟ್ಟೆ ತಿರುಗಿ ಗಾಳಿಯ ದಾರಿ ತೆರೆಯುತ್ತದೆ. ಕೇಬಲ್‌ನ ತತ್ವ ಎರಡಕ್ಕೂ ಒಂದೇ. ಆದರೆ ಥ್ರಾಟಲ್ ಬಾಡಿಯಲ್ಲಿ ತಟ್ಟೆ ಬಂದು ನಿಲ್ಲುವ ಸಣ್ಣ ಸ್ಕ್ರೂ ಇರುತ್ತದೆ, ಅದಕ್ಕೆ ಬಣ್ಣ ಬಳಿದಿರಬಹುದು. ಅದನ್ನು ಮುಟ್ಟಬೇಡಿ. ಅದು ಕದಲಿದರೆ ಥ್ರಾಟಲ್ ಪೊಸಿಷನ್ ಸೆನ್ಸರ್ ಕಂಪ್ಯೂಟರ್‌ಗೆ ಹೇಳುವ ಲೆಕ್ಕವೇ ತಪ್ಪುತ್ತದೆ. ಆಮೇಲೆ ಐಡಲ್ (ಲಿವರ್ ಮುಟ್ಟದಿದ್ದಾಗ ಎಂಜಿನ್ ಓಡುವ ವೇಗ) ಸರಿಹೋಗದೆ ಒಂದು ವಾರ ತಲೆ ಕೆಡಿಸಿಕೊಳ್ಳುತ್ತೀರಿ.

ಎತ್ತರಕ್ಕೂ ಕೇಬಲ್‌ಗೂ ಏನು ಸಂಬಂಧ

ಥ್ರಾಟಲ್ ಕೇಬಲ್ ಅಂದರೆ ಬೌಡೆನ್ ಕೇಬಲ್. 1896ರ ಬ್ರಿಟಿಷ್ ಪೇಟೆಂಟ್‌ನ ಕಾಲದಿಂದ ಉಪಾಯ ಬದಲಾಗಿಲ್ಲ. ಒಳಗೆ ತಂತಿ, ಹೊರಗೆ ಬಗ್ಗುವ ಆದರೆ ಕುಗ್ಗದ ಕವಚ. ಲಿವರ್ ಒತ್ತಿದರೆ ಒಳತಂತಿ ಕವಚದೊಳಗೆ ಜಾರುತ್ತದೆ, ಆ ತುದಿಯಲ್ಲಿ ಸ್ಲೈಡ್ ಮೇಲೇಳುತ್ತದೆ. ಸೈಕಲ್ ಬ್ರೇಕ್ ಅಥವಾ ಬೈಕ್ ಕ್ಲಚ್ ಸರಿ ಮಾಡಿದವರಿಗೆ ಇದು ಹೊಸದಲ್ಲ.

ಇಲ್ಲಿ ಮುಖ್ಯವಾದದ್ದು ಒಳತಂತಿಯ ಉದ್ದ ಅಲ್ಲ. ಕವಚಕ್ಕಿಂತ ತಂತಿ ಎಷ್ಟು ಉದ್ದ ಇದೆ ಅನ್ನುವುದು. ಆ ವ್ಯತ್ಯಾಸವೇ ಫ್ರೀ ಪ್ಲೇ, ಅಂದರೆ ಲಿವರ್ ಒತ್ತಿದಾಗ ಸ್ಲೈಡ್ ಕದಲುವ ಮುಂಚೆ ಖಾಲಿಯಾಗಿ ಓಡಾಡುವ ಜಾಗ. ಕವಚ ಸುಮ್ನೆ ಬಾಗಿದರೆ ಈ ವ್ಯತ್ಯಾಸ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ಹ್ಯಾಂಡಲ್ ಮೇಲೆ ಹೋಗಿ ಕವಚಕ್ಕೆ ದಾರಿ ಸಾಲದೆ ಬಂದರೆ, ಅದು ಹಗ್ಗದ ಹಾಗೆ ಸೆಟೆದುಕೊಂಡು, ಯಾವುದೋ ಒಂದು ತುದಿಯಲ್ಲಿ ತಾನು ಕೂತ ಗುಳಿಯಿಂದ ಮೇಲೆದ್ದು ಬರುತ್ತದೆ. ಕವಚ ಎದ್ದಷ್ಟೂ ತಂತಿ ಎಳೆದುಕೊಳ್ಳುತ್ತದೆ, ಲಿವರ್ ಮುಟ್ಟದೆಯೇ ಥ್ರಾಟಲ್ ತೆರೆಯುತ್ತದೆ. ನನಗೆ ಆಗಿದ್ದು ಇದೇ.

ಈಗ ಲೆಕ್ಕ ನೋಡಿ. ಎರಡು ಇಂಚು ಅಂದರೆ ಸುಮಾರು 50 ಮಿ.ಮೀ. ನಾಲ್ಕು ಇಂಚಿನ ರೈಸರ್ (ಹ್ಯಾಂಡಲ್ ಎತ್ತರಿಸಲು ಕೆಳಗೆ ಹಾಕುವ ತುಂಡು) ಹಾಕಿದರೆ 100 ಮಿ.ಮೀ. ಕೇಬಲ್‌ನ ಸಡಿಲ ತಿದ್ದುವ ಸ್ಕ್ರೂ, ಅಂದರೆ ಅಡ್ಜಸ್ಟರ್‌ನಲ್ಲಿ ಸಾಮಾನ್ಯವಾಗಿ ಸಿಗುವ ಮರೆ (ಸ್ಕ್ರೂ ಸುತ್ತುಗಳ ಭಾಗ) ಒಂದು ಸೆಂಟಿಮೀಟರ್ ಆಸುಪಾಸು. ಅಷ್ಟೇ ಅಲ್ಲ, ಅಡ್ಜಸ್ಟರ್ ತಿರುಗಿಸಿದರೆ ಕವಚ ಉದ್ದ ಆಗುವುದೂ ಇಲ್ಲ, ಕವಚಕ್ಕೂ ತಂತಿಗೂ ಇರುವ ವ್ಯತ್ಯಾಸ ಮಾತ್ರ ಬದಲಾಗುತ್ತದೆ. ಕೇಬಲ್ ಗಿಡ್ಡ ಆಗಿದ್ದರೆ ದಾರಿ ಬದಲಿಸಬೇಕು, ಇಲ್ಲವಾದರೆ ಉದ್ದದ ಕೇಬಲ್ ತರಬೇಕು. ಅಡ್ಜಸ್ಟರ್ ತಿರುಗಿಸಿ ತಿರುಗಿಸಿ ಗಿಡ್ಡ ಕೇಬಲ್ಲನ್ನು ಹೊಂದಿಸಿಕೊಂಡೆ ಅನ್ನುವವರು ಅಪಾಯವನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದಾರೆ ಅಷ್ಟೇ.

ಏನೇನು ಬೇಕು

ದೊಡ್ಡ ಪಟ್ಟಿ ಏನಿಲ್ಲ. 8 ಮತ್ತು 10 ಮಿ.ಮೀ. ಸ್ಪ್ಯಾನರ್ ಎರಡೆರಡು ಇದ್ದರೆ ಒಳ್ಳೆಯದು, ಅಡ್ಜಸ್ಟರ್ ಹಿಡಿಯಲು ಒಂದು, ಲಾಕ್ ನಟ್‌ಗೆ ಒಂದು. ಸ್ಕ್ರೂಡ್ರೈವರ್, ಟಾರ್ಕ್ಸ್ ಬಿಟ್‌ಗಳು, ಫೀಲರ್ ಗೇಜ್ ಅಥವಾ ವರ್ನಿಯರ್, ಟಾರ್ಚ್, ಚಿಕ್ಕ ಕನ್ನಡಿ, ಮಾರ್ಕರ್, ಕೇಬಲ್ ಟೈ. ಹಿಂಭಾಗ ಎತ್ತಿ ನಿಲ್ಲಿಸಲು ಗಟ್ಟಿ ಸ್ಟ್ಯಾಂಡ್. ಜೊತೆಗೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್. ಫ್ರೀ ಪ್ಲೇ ಎಷ್ಟಿರಬೇಕು ಅನ್ನುವ ಅಂಕಿ ಅದರಲ್ಲೇ ಸಿಗಬೇಕು. ಕೆಲವು ಮಾಡೆಲ್‌ಗಳಿಗೆ ಅದು ಒಂದು ಮಿ.ಮೀ.ಗಿಂತ ಕಡಿಮೆ, ಇನ್ನು ಕೆಲವಕ್ಕೆ ಹಲವು ಮಿ.ಮೀ. ಒಂದರ ಅಂಕಿ ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಅಳೆಯುವ ಜಾಗವೂ ಬೇರೆ ಬೇರೆ: ಕೆಲವರು ಲಿವರ್ ಮತ್ತು ಅದರ ಬ್ಲಾಕ್ (ಲಿವರ್ ಕೂತಿರುವ ಗೂಡು) ನಡುವಿನ ಸಂದು ಅಳೆಯಲು ಹೇಳುತ್ತಾರೆ, ಕೆಲವರು ಲಿವರ್ ತುದಿಯ ಚಲನೆ, ಇನ್ನು ಕೆಲವರು ಕಾರ್ಬುರೇಟರ್ ಹತ್ತಿರ ಕವಚ ಎಷ್ಟು ಮೇಲೇಳುತ್ತದೆ ಅಂತ. ಲಿವರ್ ತುದಿಯಲ್ಲಿ ಮೂರು ಮಿ.ಮೀ. ಓಡಾಡಿದರೂ ಕೇಬಲ್‌ನಲ್ಲಿ ಅದರ ಒಂದು ಪಾಲು ಮಾತ್ರ ಇರುತ್ತದೆ. ಎಲ್ಲಿ ಅಳೆಯಬೇಕು ಅಂತ ಓದಿಕೊಳ್ಳದೆ ಅಂಕಿ ಮಾತ್ರ ನೋಡಿದರೆ ಕೆಟ್ಟಿತು.

ಹೆಜ್ಜೆ 1: ಗಾಡಿಯನ್ನು ಸುಮ್ಮನಾಗಿಸಿ

ಎಂಜಿನ್ ಆಫ್, ಕೀ ಹೊರಗೆ, ಟೆದರ್ (ಸವಾರ ಬಿದ್ದರೆ ಕಿತ್ತುಬಂದು ಎಂಜಿನ್ ನಿಲ್ಲಿಸುವ ಹಗ್ಗ) ಹೊರಗೆ. ಎಂಜಿನ್ ತಣ್ಣಗಿರಲಿ. ಟು ಸ್ಟ್ರೋಕ್‌ನ ಎಕ್ಸಾಸ್ಟ್ ಪೈಪ್ ಕೇಬಲ್ ಪಕ್ಕದಲ್ಲೇ ಹಾದುಹೋಗಿರುತ್ತದೆ, ಕೈ ಸುಟ್ಟುಕೊಂಡ ಮೇಲೆ ತಾಳ್ಮೆ ಉಳಿಯಲ್ಲ. ಹುಡ್ ಮತ್ತು ಪಕ್ಕದ ಪ್ಯಾನೆಲ್ ತೆಗೆಯಿರಿ. ಏನನ್ನೂ ಮುಟ್ಟುವ ಮುಂಚೆ ಫೋನ್‌ನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ: ಲಿವರ್ ಹತ್ತಿರ, ರೈಸರ್ ಹತ್ತಿರ, ಕೇಬಲ್ ಎಂಜಿನ್ ಕೋಣೆಗೆ ಇಳಿಯುವ ಕಡೆ, ಕಾರ್ಬುರೇಟರ್ ಮೇಲೆ.

ಹೆಜ್ಜೆ 2: ಹ್ಯಾಂಡಲ್ ಮೊದಲು, ಕೇಬಲ್ ಆಮೇಲೆ

ತುಂಬಾ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಕೇಬಲ್ ಹೊಂದಿಸಿ, ಆಮೇಲೆ ಹ್ಯಾಂಡಲ್ ಕೋನ ಇಷ್ಟ ಆಗಲಿಲ್ಲ ಅಂತ ಬಾರ್ ಹಿಂದಕ್ಕೆ ಉರುಳಿಸುತ್ತಾರೆ, ಥ್ರಾಟಲ್ ಬ್ಲಾಕ್ ಸ್ವಲ್ಪ ತಿರುಗಿಸುತ್ತಾರೆ. ಅಲ್ಲಿಗೆ ಕೇಬಲ್ ಲೆಕ್ಕವೂ ಹೋಯಿತು. ಹಾಗಾಗಿ ಮೊದಲು ಗಾಡಿ ಮೇಲೆ ಕೂತು, ನಿಂತು, ನಿಮಗೆ ಬೇಕಾದ ಎತ್ತರ ಮತ್ತು ಕೋನ ನಿರ್ಧಾರ ಮಾಡಿ. ರೈಸರ್ ಬ್ಲಾಕ್ ಆದರೆ ಬೋಲ್ಟ್‌ಗಳನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಮುಂದೆ ಹಿಂದೆ ವಾಲುವ ಅಥವಾ ಲಾಕ್ ಮಾಡುವ ಲಿವರ್ ಎತ್ತಿ ಎತ್ತರ ಬದಲಿಸುವ ಜಾತಿ ಆದರೆ ಪ್ರತಿ ಹಂತದಲ್ಲೂ ಅದು ಸರಿಯಾಗಿ ಕಚ್ಚಿ ನಿಲ್ಲುತ್ತದಾ ನೋಡಿ. ಥ್ರಾಟಲ್ ಲಿವರ್ ಹೆಬ್ಬೆರಳಿಗೆ ಸಹಜವಾಗಿ ಸಿಗಬೇಕು. ದಪ್ಪ ಗ್ಲೌಸ್ ಹಾಕಿಕೊಂಡೇ ಪರೀಕ್ಷಿಸಿ. ಕೈ ಬೆಚ್ಚಗಿಡುವ ಹ್ಯಾಂಡಲ್‌ಬಾರ್ ಚೀಲ ಇದ್ದರೆ ಅದರ ಅಂಚು ಲಿವರನ್ನು ಒತ್ತುತ್ತದಾ ಅಂತಲೂ ನೋಡಿ.

ಹೆಜ್ಜೆ 3: ಕೇಬಲ್ ಬದುಕಿದೆಯಾ ನೋಡಿ

ಸವೆದ ಕೇಬಲ್ಲನ್ನು ಹೊಂದಿಸುವುದು ವ್ಯರ್ಥ. ಲಿವರ್ ಕಡೆಯ ತುದಿಯಲ್ಲಿ, ತಂತಿಗೆ ಲೋಹದ ಗುಂಡು ಕೂತಿರುವ ಜಾಗ ಇದೆಯಲ್ಲ, ಅಲ್ಲಿ ಟಾರ್ಚ್ ಬಿಡಿ. ತಂತಿಯ ಒಂದೇ ಒಂದು ಎಳೆ ಹರಿದು ಮುಳ್ಳಿನ ಹಾಗೆ ಎದ್ದಿದ್ದರೂ ಕೇಬಲ್ ಹೊಸದು ಹಾಕಿ. ಆ ಮುಳ್ಳು ಒಂದು ದಿನ ಕವಚದ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಅದೂ ಥ್ರಾಟಲ್ ಪೂರ್ತಿ ತೆರೆದಿದ್ದಾಗಲೇ. ಕವಚ ಎಕ್ಸಾಸ್ಟ್ ಬಿಸಿಗೆ ಕರಗಿದೆಯಾ, ಎಲ್ಲಾದರೂ ಮುರಿದು ಮಡಿಕೆ ಬಿದ್ದಿದೆಯಾ, ತುದಿಯ ಲೋಹದ ಟೋಪಿ ಗುಳಿಯಲ್ಲಿ ಪೂರ್ತಿ ಕೂತಿದೆಯಾ, ರಬ್ಬರ್ ಬೂಟು ಹರಿದಿದೆಯಾ, ಇಷ್ಟನ್ನೂ ನೋಡಿ.

ಬೂಟು ಹರಿದಿದ್ದರೆ ಅದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಳಗೆ ಹೋದ ಹನಿ ನೀರು ಕೇಬಲ್‌ನ ಅತಿ ತಗ್ಗಿನ ಜಾಗಕ್ಕೆ ಇಳಿದು, ಗಾಡಿ ನಿಂತಾಗ ಮಂಜುಗಡ್ಡೆ ಆಗುತ್ತದೆ. ಬೆಳಿಗ್ಗೆ ಲಿವರ್ ಕಲ್ಲಿನ ಹಾಗೆ ನಿಂತಿರುತ್ತದೆ, ಅಥವಾ ಇನ್ನೂ ಕೆಟ್ಟದ್ದು, ಒತ್ತಿದರೆ ಹೋಗುತ್ತದೆ, ಬಿಟ್ಟರೆ ವಾಪಸ್ ಬರುವುದಿಲ್ಲ. ಕೇಬಲ್‌ಗೆ ಎಣ್ಣೆ ಬಿಡುವುದಾದರೆ ಚಳಿಯಲ್ಲಿ ಗಟ್ಟಿಯಾಗದ ತೆಳು ಕೇಬಲ್ ಲೂಬ್ರಿಕೆಂಟ್ ಹಾಕಿ. ಬೇರಿಂಗ್‌ಗೆ ಹಚ್ಚುವ ಗ್ರೀಸ್ ಬೇಡ, ಕೊರೆಯುವ ಚಳಿಯಲ್ಲಿ ಅದು ಗೋಂದಿನ ಹಾಗಾಗುತ್ತದೆ.

ಹೆಜ್ಜೆ 4: ದಾರಿ ಹುಡುಕಿ

ಅರ್ಧ ಕೆಲಸ ಇಲ್ಲೇ ಇದೆ. ಹ್ಯಾಂಡಲ್ಲನ್ನು ಅತಿ ಎತ್ತರದ ಹಂತಕ್ಕೆ ಎತ್ತಿ. ಈಗ ನಿಧಾನವಾಗಿ ಪೂರ್ತಿ ಎಡಕ್ಕೆ ತಿರುಗಿಸಿ, ಒಂದು ಕೈ ಕೇಬಲ್ ಮೇಲೆ ಇರಲಿ. ಆಮೇಲೆ ಪೂರ್ತಿ ಬಲಕ್ಕೆ. ಬೆರಳಿನ ಕೆಳಗೆ ಕವಚ ಮೃದುವಾಗಿ ಬಾಗುತ್ತಿದ್ದರೆ ಸರಿ. ಒಂದು ಹಂತದಲ್ಲಿ ಅದು ತಂತಿವಾದ್ಯದ ತಂತಿಯ ಹಾಗೆ ಸೆಟೆದುಕೊಂಡಿತು ಅಂದರೆ ಉದ್ದ ಸಾಲುತ್ತಿಲ್ಲ ಅಂತಲೇ ಅರ್ಥ. ಇನ್ನೊಂದು ಕಡೆ ಹ್ಯಾಂಡಲ್ಲನ್ನು ಅತಿ ಕೆಳಗೆ ಇಳಿಸಿದಾಗ ಹೆಚ್ಚಾದ ಕೇಬಲ್ ಎಲ್ಲಿ ಹೋಗುತ್ತದೆ ನೋಡಿ. ಅದು ಸ್ಟಿಯರಿಂಗ್ ಕಂಬಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡು ಜಜ್ಜುವ ಹಾಗಿರಬಾರದು, ಎಕ್ಸಾಸ್ಟ್ ಮೇಲೆ ಬೀಳಬಾರದು, ಕ್ಲಚ್ ಕಡೆಗೆ ಜೋತು ಬೀಳಬಾರದು.

ಉದ್ದ ಸಾಲದಿದ್ದಾಗ ಮೊದಲ ಅನುಮಾನ ಕೇಬಲ್ ಟೈಗಳ ಮೇಲೆ. ಕಾರ್ಖಾನೆಯಲ್ಲಿ ಕೇಬಲ್ಲನ್ನು ಹೀಟೆಡ್ ಗ್ರಿಪ್ ವೈರ್, ಬ್ರೇಕ್ ಹೋಸ್ ಜೊತೆ ಸೇರಿಸಿ ಕಂಬಕ್ಕೆ ಬಿಗಿಯಾಗಿ ಕಟ್ಟಿರುತ್ತಾರೆ. ಹಳೆಯ ಎತ್ತರಕ್ಕೆ ಅದು ಸರಿ, ಹೊಸದಕ್ಕೆ ಅಲ್ಲ. ಆ ಟೈಗಳನ್ನು ಕತ್ತರಿಸಿ, ಹ್ಯಾಂಡಲ್ಲನ್ನು ಅತಿ ಎತ್ತರದಲ್ಲಿಟ್ಟು, ಕೇಬಲ್‌ಗೆ ದೊಡ್ಡ ಸುತ್ತಿನ ಬಾಗು ಸಿಗುವ ಹಾಗೆ ಮತ್ತೆ ಕಟ್ಟಿ. ಟೈ ಸ್ವಲ್ಪ ಸಡಿಲವಾಗಿಯೇ ಇರಲಿ, ಕವಚ ಅದರೊಳಗೆ ಜಾರುವಂತಿರಬೇಕು. ಮುಂದೆ ಹಾದುಹೋಗುವ ಕೇಬಲ್ಲನ್ನು ರೈಸರ್‌ನ ಹಿಂದಿನಿಂದ ತಂದರೆ ಎಷ್ಟೋ ಸಲ ಬೇಕಾದ ಉದ್ದ ಸಿಕ್ಕಿಬಿಡುತ್ತದೆ.

ಇಷ್ಟಾದರೂ ಸೆಟೆದುಕೊಳ್ಳುತ್ತಿದ್ದರೆ ಎರಡೇ ದಾರಿ: ಹ್ಯಾಂಡಲ್ ಒಂದು ಹಂತ ಕೆಳಗಿಳಿಸಿ, ಇಲ್ಲವೇ ಉದ್ದದ ಕೇಬಲ್ ಹಾಕಿ. ಹಾಗೆಯೇ ಬ್ರೇಕ್ ಹೋಸ್ ಕಡೆಯೂ ಕಣ್ಣಿಡಿ. ಥ್ರಾಟಲ್ ಕೇಬಲ್ ಗಿಡ್ಡವಾಗುವಷ್ಟು ಎತ್ತರಕ್ಕೆ ಅದೂ ಗಿಡ್ಡವಾಗಿರುವ ಸಾಧ್ಯತೆ ಜಾಸ್ತಿ.

ಹೆಜ್ಜೆ 5: ಸ್ಲೈಡ್ ಯಾರ ಮೇಲೆ ಕೂತಿದೆ?

ಕಾರ್ಬುರೇಟರ್ ಗಾಡಿ ಇರುವವರು ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಲಿವರ್ ಬಿಟ್ಟಾಗ ಸ್ಲೈಡ್ ಕೆಳಗಿಳಿದು ಐಡಲ್ ಸ್ಕ್ರೂ ಮೇಲೆ ಕೂರಬೇಕು. ಕೇಬಲ್ ತೀರಾ ಬಿಗಿ ಇದ್ದರೆ ಸ್ಲೈಡ್ ಸ್ಕ್ರೂವರೆಗೆ ಇಳಿಯುವುದೇ ಇಲ್ಲ, ಬಾವಿಯ ಕೊಡದ ಹಾಗೆ ಕೇಬಲ್‌ಗೆ ನೇತಾಡುತ್ತಿರುತ್ತದೆ. ಆಗ ಐಡಲ್ಲನ್ನು ಹಿಡಿದಿರುವುದು ಸ್ಕ್ರೂ ಅಲ್ಲ, ಕೇಬಲ್. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಐಡಲ್ ಕುಣಿಯುವುದು ಇದಕ್ಕೇ.

ಗೊತ್ತಾಗುವುದು ಹೇಗೆ? ಎಂಜಿನ್ ಆಫ್ ಇರುವಾಗ ಕಾರ್ಬುರೇಟರ್ ಮೇಲಿನ ಬೂಟು ಸರಿಸಿ. ಕವಚವನ್ನು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಸಡಿಲ ಇದ್ದರೆ ಕವಚದ ಟೋಪಿ ಗುಳಿಯಿಂದ ಒಂದಿಷ್ಟು ಏಳುತ್ತದೆ, ಕೆಳಗೆ ಹೊಳೆಯುವ ಒಳತಂತಿ ಉಗುರಿನ ದಪ್ಪದಷ್ಟು ಕಾಣುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಇನ್ನೂ ಎಳೆದರೆ ಸ್ಪ್ರಿಂಗ್‌ನ ವಿರೋಧ ಕೈಗೆ ಗೊತ್ತಾಗುತ್ತದೆ, ಅಂದರೆ ಸ್ಲೈಡ್ ಏಳುತ್ತಿದೆ. ಆ ಮೊದಲ ಖಾಲಿ ಎಳೆತವೇ ನಿಮ್ಮ ಫ್ರೀ ಪ್ಲೇ. ಮುಟ್ಟಿದ ಕೂಡಲೇ ಸ್ಪ್ರಿಂಗ್ ಸಿಕ್ಕಿತು ಅಂದರೆ ಫ್ರೀ ಪ್ಲೇ ಸೊನ್ನೆ. ಇನ್ನೊಂದು ಸೂಚನೆ: ಲಿವರ್ ಸ್ವಲ್ಪ ಒತ್ತಿ ಪಟ್ಟನೆ ಬಿಟ್ಟಾಗ ಸ್ಲೈಡ್ ಸ್ಕ್ರೂಗೆ ಬಡಿದು ಟಕ್ ಅನ್ನುತ್ತದೆ. ಆ ಶಬ್ದ ಮಂಕಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಸ್ಲೈಡ್ ನೇತಾಡುತ್ತಿರಬಹುದು.

ಹೆಜ್ಜೆ 6: ಅಡ್ಜಸ್ಟರ್ ತಿರುಗಿಸಿ

ಹ್ಯಾಂಡಲ್ ಎಲ್ಲಿ ಇಟ್ಟಾಗ ಫ್ರೀ ಪ್ಲೇ ಅತಿ ಕಡಿಮೆ ಸಿಗುತ್ತದೋ ಅಲ್ಲೇ ಇಡಿ. ನನ್ನ ಗಾಡಿಯಲ್ಲಿ ಅದು ಅತಿ ಎತ್ತರ, ಪೂರ್ತಿ ಎಡ. ನಿಮ್ಮದರಲ್ಲಿ ಬಲ ಇರಬಹುದು, ಕೇಬಲ್ ಕಂಬದ ಯಾವ ಕಡೆಯಿಂದ ಬರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಸಹಾಯಕ್ಕೆ ಒಬ್ಬರಿದ್ದರೆ ಹ್ಯಾಂಡಲ್ ಹಿಡಿದುಕೊಳ್ಳಲಿ.

ಬೂಟು ಸರಿಸಿ, ಲಾಕ್ ನಟ್ ಸಡಿಲ ಮಾಡಿ. ಅಡ್ಜಸ್ಟರ್ ಈಗ ಎಲ್ಲಿದೆ ಅಂತ ಮಾರ್ಕರ್‌ನಿಂದ ಗೆರೆ ಹಾಕಿಕೊಳ್ಳಿ. ಅಡ್ಜಸ್ಟರ್ ಹೊರಗೆ ಬಂದಷ್ಟೂ ಕವಚದ ದಾರಿ ಉದ್ದವಾಗಿ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಒಳಗೆ ಹೋದಷ್ಟೂ ಫ್ರೀ ಪ್ಲೇ ಜಾಸ್ತಿ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಅರ್ಧ ಸುತ್ತು ತಿರುಗಿಸಿ ಲಿವರ್ ಆಡಿಸಿ ನೋಡುವುದೇ ಸುಲಭ. ಅರ್ಧರ್ಧ ಸುತ್ತು, ಪ್ರತಿ ಸಲ ಅಳತೆ. ಎರಡೂ ತುದಿಯಲ್ಲಿ ಅಡ್ಜಸ್ಟರ್ ಇದ್ದರೆ ದೊಡ್ಡ ಬದಲಾವಣೆ ಕಾರ್ಬುರೇಟರ್ ಕಡೆ ಮಾಡಿ, ಲಿವರ್ ಕಡೆಯದ್ದನ್ನು ಕೊನೆಯ ಕೂದಲೆಳೆಯಷ್ಟು ತಿದ್ದಲು ಉಳಿಸಿಕೊಳ್ಳಿ. ಎಲ್ಲಾ ಗಾಡಿಗೂ ಲಿವರ್ ಕಡೆ ಅಡ್ಜಸ್ಟರ್ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ.

ಅಂಕಿ ಸರಿ ಬಂತು ಅಂದ ಮೇಲೆ ಅಡ್ಜಸ್ಟರ್ ಒಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡು ಲಾಕ್ ನಟ್ ಬಿಗಿ ಮಾಡಿ. ಹಿಡಿಯದೆ ಬಿಗಿ ಮಾಡಿದರೆ ನಟ್ ಜೊತೆ ಅಡ್ಜಸ್ಟರ್ ಕೂಡ ತಿರುಗುತ್ತದೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಅಡ್ಜಸ್ಟರ್ ಎರಡು ಮೂರು ಮರೆಯಲ್ಲಿ ಮಾತ್ರ ನೇತಾಡುತ್ತಿದ್ದರೆ ಅದು ಹೊಂದಿಕೆಯೇ ಅಲ್ಲ, ಹೆಜ್ಜೆ 4ಕ್ಕೆ ವಾಪಸ್ ಹೋಗಿ.

ಈಗ ಹ್ಯಾಂಡಲ್ ನೇರ ಮಾಡಿ, ಕೆಳಗಿಳಿಸಿ ಅಳೆಯಿರಿ. ಫ್ರೀ ಪ್ಲೇ ಸ್ವಲ್ಪ ಜಾಸ್ತಿ ಆಗಬಹುದು, ಮ್ಯಾನುಯಲ್ ಹೇಳಿದ ಮಿತಿಯೊಳಗೆ ಇರಬೇಕು ಅಷ್ಟೇ. ಮೇಲೆ ಸರಿ ಮಾಡಿದರೆ ಕೆಳಗೆ ಜಾಸ್ತಿ, ಕೆಳಗೆ ಸರಿ ಮಾಡಿದರೆ ಮೇಲೆ ಸೊನ್ನೆ ಅಂತ ಆಗುತ್ತಿದ್ದರೆ ತೊಂದರೆ ಅಡ್ಜಸ್ಟರ್‌ದಲ್ಲ, ಕವಚ ಇನ್ನೂ ಎಲ್ಲೋ ಎಳೆದುಕೊಳ್ಳುತ್ತಿದೆ.

ಹೆಜ್ಜೆ 7: ಎರಡು ಕಾರ್ಬುರೇಟರ್ ಇದ್ದರೆ

ಲಿವರ್‌ನಿಂದ ಒಂದು ಕೇಬಲ್ ಹೊರಟು ನಡುವೆ ಕವಲೊಡೆದು ಎರಡು ಸ್ಲೈಡ್‌ಗಳಿಗೆ ಹೋಗುತ್ತದೆ. ಎರಡೂ ಒಂದೇ ಕ್ಷಣಕ್ಕೆ ಏಳಬೇಕು. ಏರ್ ಬಾಕ್ಸ್ (ಗಾಳಿ ಒಳಬರುವ ಪೆಟ್ಟಿಗೆ) ತೆಗೆದು, ಎರಡೂ ಕಾರ್ಬುರೇಟರ್ ಬಾಯಿಗೆ ಒಂದೊಂದು ಬೆರಳಿಟ್ಟು, ಇನ್ನೊಬ್ಬರ ಕೈಲಿ ಲಿವರ್ ನಿಧಾನವಾಗಿ ಒತ್ತಿಸಿ. ಒಂದು ಬೆರಳಿಗೆ ಮೊದಲು ಗೊತ್ತಾಯಿತು ಅಂದರೆ ಆ ಕಡೆಯ ಕೇಬಲ್ ಬಿಗಿ. ಬೆರಳು ನಂಬದವರು ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳ ನಯವಾದ ಹಿಂಭಾಗವನ್ನು ಎರಡೂ ಸ್ಲೈಡ್ ಕೆಳಗೆ ಇಟ್ಟು ನೋಡುತ್ತಾರೆ. ಲಿವರ್ ಒತ್ತಿದಾಗ ಎರಡೂ ಒಟ್ಟಿಗೆ ಸಡಿಲವಾಗಬೇಕು. ಬಿಟ್‌ಗಳನ್ನು ಹೊರಗೆ ತೆಗೆದಿದ್ದೀರಾ ಅಂತ ಎಣಿಸಿಕೊಂಡೇ ಏರ್ ಬಾಕ್ಸ್ ಮುಚ್ಚಿ.

ಆಮೇಲೆ ಲಿವರ್ ಪೂರ್ತಿ ಒತ್ತಿ, ಕನ್ನಡಿ ಹಿಡಿದು ನೋಡಿ. ಸ್ಲೈಡ್ ದಾರಿಯಿಂದ ಪೂರ್ತಿ ಮೇಲೆ ಹೋಗಿರಬೇಕು. ಫ್ರೀ ಪ್ಲೇ ಜಾಸ್ತಿ ಆದಾಗ ಲಿವರ್ ಗ್ರಿಪ್‌ಗೆ ತಾಗಿದರೂ ಸ್ಲೈಡ್ ಪೂರ್ತಿ ಏಳುವುದಿಲ್ಲ. ಗಾಡಿಗೆ ಟಾಪ್ ಸ್ಪೀಡ್ ಬರುತ್ತಿಲ್ಲ ಅಂತ ಕ್ಲಚ್ ಬಿಚ್ಚಿ ಕೂತವರ ಗಾಡಿಯಲ್ಲಿ ಕೆಲವೊಮ್ಮೆ ಕಾರಣ ಇಷ್ಟೇ ಆಗಿರುತ್ತದೆ.

ಹೆಜ್ಜೆ 8: ಆಯಿಲ್ ಪಂಪ್ ಮರೆತರೆ ಎಂಜಿನ್ ಹೋಗುತ್ತದೆ

ಹಲವು ಟು ಸ್ಟ್ರೋಕ್‌ಗಳಲ್ಲಿ ಅದೇ ಥ್ರಾಟಲ್ ಕೇಬಲ್‌ನ ಇನ್ನೊಂದು ಕವಲು ಆಯಿಲ್ ಪಂಪ್‌ಗೆ ಹೋಗುತ್ತದೆ. ರೇಸ್ ಕೊಟ್ಟಷ್ಟೂ ಪಂಪ್ ಜಾಸ್ತಿ ಎಣ್ಣೆ ಬಿಡಬೇಕು. ನೀವು ಥ್ರಾಟಲ್ ಕೇಬಲ್ ತಿದ್ದಿದ್ದೀರಿ ಅಂದರೆ ಪಂಪ್‌ನ ಲೆಕ್ಕವೂ ಬದಲಾಗಿರಬಹುದು. ಎಣ್ಣೆ ಕಡಿಮೆ ಬಂದರೆ ಪಿಸ್ಟನ್ ಸೀಜ್ ಆಗುತ್ತದೆ, ಜಾಸ್ತಿ ಬಂದರೆ ಹೊಗೆ, ಪ್ಲಗ್ ಒದ್ದೆ. ಪಂಪ್‌ನ ಲಿವರ್ ಮೇಲೊಂದು ಗೆರೆ, ಪಂಪ್ ಮೈ ಮೇಲೊಂದು ಗೆರೆ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಫ್ರೀ ಪ್ಲೇ ಮುಗಿದು ಸ್ಲೈಡ್ ಏಳುವ ಕ್ಷಣಕ್ಕೆ ಎರಡೂ ಗೆರೆ ಕೂಡಬೇಕು, ಕೆಲವದರಲ್ಲಿ ಪೂರ್ತಿ ಥ್ರಾಟಲ್ ಒತ್ತಿದಾಗ. ಯಾವುದು ಅಂತ ಮ್ಯಾನುಯಲ್‌ನಲ್ಲಿ ನೋಡಿ ಪಂಪ್ ಕಡೆಯ ಅಡ್ಜಸ್ಟರ್‌ನಿಂದ ಕೂಡಿಸಿ. ಕ್ರಮ ಇದೇ: ಮೊದಲು ಥ್ರಾಟಲ್, ಆಮೇಲೆ ಪಂಪ್. ಪಂಪ್ ಎಲೆಕ್ಟ್ರಾನಿಕ್ ಆಗಿದ್ದರೆ ಈ ಹೆಜ್ಜೆ ನಿಮಗಿಲ್ಲ.

ಹೆಜ್ಜೆ 9: ಎಂಜಿನ್ ಆಫ್ ಇಟ್ಟು ಒಂಬತ್ತು ಪರೀಕ್ಷೆ

ಎತ್ತರ ಮೂರು: ಕೆಳಗೆ, ಮಧ್ಯ, ಮೇಲೆ. ತಿರುವು ಮೂರು: ಎಡ, ನೇರ, ಬಲ. ಒಟ್ಟು ಒಂಬತ್ತು ಜಾಗ. ಪ್ರತಿಯೊಂದರಲ್ಲೂ ಲಿವರ್ ಪೂರ್ತಿ ಒತ್ತಿ ಪಟ್ಟನೆ ಬಿಡಿ. ಒಂಬತ್ತೂ ಕಡೆ ಅದು ಒಂದೇ ವೇಗದಲ್ಲಿ, ಒಂದೇ ಶಬ್ದದಲ್ಲಿ ವಾಪಸ್ ಬರಬೇಕು. ಎಂಟು ಕಡೆ ಟಕ್ ಅಂತ ಬಂದು ಒಂದು ಕಡೆ ಸೋಮಾರಿ ಥರ ಬಂದರೆ ಆ ಒಂದನ್ನು ಬಿಡಬೇಡಿ. ಹಾಗೆಯೇ ಅಲ್ಲಿ ಕವಚದ ಎರಡೂ ತುದಿ ಗುಳಿಯಲ್ಲಿ ಕೂತಿದೆಯಾ ಕೈಯಾಡಿಸಿ. ರೈಸರ್ ಅನ್ನು ಸುಮ್ನೆ ಒಂದೇ ಎತ್ತರಕ್ಕೆ ಬೋಲ್ಟ್ ಹಾಕಿ ಬಿಟ್ಟಿರುವವರಿಗೆ ಮೂರೇ ಪರೀಕ್ಷೆ.

ಹೆಜ್ಜೆ 10: ಎಂಜಿನ್ ಶುರು ಮಾಡಿ

ಹೊರಗೆ, ಗಾಳಿಯಲ್ಲಿ. ಮುಚ್ಚಿದ ಗ್ಯಾರೇಜ್‌ನಲ್ಲಿ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಗಾಡಿಯ ಹಿಂಭಾಗ ಸ್ಟ್ಯಾಂಡ್ ಮೇಲೆ, ಟ್ರ್ಯಾಕ್ (ಗಾಡಿಯನ್ನು ತಳ್ಳುವ ರಬ್ಬರ್ ಪಟ್ಟಿ) ನೆಲದಿಂದ ಮೇಲೆ, ಸ್ಕಿಗಳ ಮುಂದೆ ಏನಾದರೂ ಗಟ್ಟಿ ಆಸರೆ. ಟ್ರ್ಯಾಕ್ ಹಿಂದೆ ಯಾರೂ ನಿಲ್ಲಬಾರದು, ಅದರಿಂದ ಸಿಡಿಯುವ ಮಂಜುಗಡ್ಡೆ ಚೂರು ಕಲ್ಲಿಗಿಂತ ಕಡಿಮೆ ಏನಲ್ಲ. ಕ್ಲಚ್ ಗಾರ್ಡ್ ಹಾಕಿಯೇ ಇರಲಿ. ಬೆಲ್ಟ್ ತೆಗೆದು ರೇಸ್ ಮಾಡಿ ನೋಡುವ ಅಭ್ಯಾಸ ಕೆಲವರಿಗಿದೆ, ಭಾರ ಇಲ್ಲದ ಎಂಜಿನ್ ಮತ್ತು ಕ್ಲಚ್ ಮಿತಿ ಮೀರಿ ತಿರುಗುತ್ತವೆ, ಮಾಡಬೇಡಿ. ಟೆದರ್ ಮೈಗೆ ಕಟ್ಟಿಕೊಳ್ಳಿ.

ಎಂಜಿನ್ ಬೆಚ್ಚಗಾದ ಮೇಲೆ ಐಡಲ್ ನೋಡಿ. ಟು ಸ್ಟ್ರೋಕ್‌ಗೆ ಸುಮಾರು 1,500 ಆರ್‌ಪಿಎಂ ಆಸುಪಾಸು ಇರುವುದು ಸಾಮಾನ್ಯ, ನಿಮ್ಮದರ ಸರಿಯಾದ ಅಂಕಿ ಮ್ಯಾನುಯಲ್‌ನಲ್ಲಿದೆ. ಕ್ಲಚ್ ಬೆಲ್ಟ್ ಹಿಡಿಯುವುದು ಹೆಚ್ಚಿನವುಗಳಲ್ಲಿ 3,000ದಿಂದ 4,500ರ ನಡುವೆ ಎಲ್ಲೋ. ನಡುವೆ ಇರುವ ಆ ಅಂತರವೇ ನಿಮಗಿರುವ ರಕ್ಷಣೆ. ಕಾರ್ಬುರೇಟರ್ ಆದರೆ ಐಡಲ್ ಸ್ಕ್ರೂ ಸ್ವಲ್ಪ ಸಡಿಲಿಸಿ ನೋಡಿ, ರೇಸ್ ಇಳಿಯಬೇಕು. ಇಳಿಯಲಿಲ್ಲ ಅಂದರೆ ಸ್ಲೈಡ್ ಇನ್ನೂ ಕೇಬಲ್‌ಗೇ ನೇತಾಡುತ್ತಿದೆ.

ಈಗ ಲಿವರ್ ಮುಟ್ಟದೆ, ಒಂದು ಕೈ ಕಿಲ್ ಸ್ವಿಚ್ ಮೇಲಿಟ್ಟುಕೊಂಡು, ಹ್ಯಾಂಡಲ್ಲನ್ನು ಆ ಒಂಬತ್ತು ಜಾಗಗಳಿಗೆ ನಿಧಾನವಾಗಿ ಒಯ್ಯಿರಿ. ಎತ್ತರ ಬದಲಿಸುವಾಗ ಮಾತ್ರ ಎಂಜಿನ್ ಆಫ್ ಮಾಡಿ. ಶಬ್ದ ಕೇಳಿ, ಟ್ಯಾಕೋಮೀಟರ್ ನೋಡಿ. ಐಡಲ್ ಎಲ್ಲೂ ಏರಬಾರದು. ನೂರು ಆರ್‌ಪಿಎಂ ಏರಿದರೂ ಅದು ಕೇಬಲ್ ಎಳೆದುಕೊಳ್ಳುತ್ತಿರುವ ಗುರುತು. ಗುಂಡಿ ಹಾರುವಾಗ ಹ್ಯಾಂಡಲ್ ಇನ್ನೂ ಜೋರಾಗಿ ಬಾಗುತ್ತದೆ, ಅಲ್ವಾ?

ಒತ್ತಿದ ಕೂಡಲೇ ಎಂಜಿನ್ ಸಾಯುತ್ತದೆ!

ಕೇಬಲ್ ಸಡಿಲ ಮಾಡಿ, ಎಲ್ಲಾ ಸುರಕ್ಷಿತ ಅಂದುಕೊಂಡವರಿಗೆ ಸಿಗುವ ಬಹುಮಾನ ಇದು. ಹಲವು ಪೋಲಾರಿಸ್ ಗಾಡಿಗಳಲ್ಲಿ ಥ್ರಾಟಲ್ ಸೇಫ್ಟಿ ಸ್ವಿಚ್ ಅಂತ ಲಿವರ್ ಬ್ಲಾಕ್ ಒಳಗೇ ಇರುತ್ತದೆ. ಯಮಾಹಾದ ಕಾರ್ಬುರೇಟರ್ ಗಾಡಿಗಳಲ್ಲಿ ಟಿಒಆರ್‌ಎಸ್ (ಥ್ರಾಟಲ್ ಓವರ್‌ರೈಡ್ ಸಿಸ್ಟಮ್) ಅನ್ನುವ ವ್ಯವಸ್ಥೆ, ಲಿವರ್ ಹತ್ತಿರ ಒಂದು ಸ್ವಿಚ್, ಕಾರ್ಬುರೇಟರ್ ಹತ್ತಿರ ಒಂದು. ಉದ್ದೇಶ ಒಂದೇ: ನೀವು ಲಿವರ್ ಬಿಟ್ಟಿದ್ದೀರಿ, ಆದರೆ ಸ್ಲೈಡ್ ಮೇಲೇ ಸಿಕ್ಕಿಕೊಂಡಿದೆ ಅಂದಾಗ ಎಂಜಿನ್ ಮುಂದುವರಿಯದ ಹಾಗೆ ತಡೆಯುವುದು. ಸ್ಲೈಡ್ ಸಿಕ್ಕಿಕೊಂಡರೆ ಕೇಬಲ್ ಸಡಿಲವಾಗುತ್ತದೆ, ಲಿವರ್ ಕಡೆಯ ಸ್ವಿಚ್‌ಗೆ ಆ ಸಡಿಲವೇ ಗುರುತು. ನೀವು ಹೊಂದಿಸುವಾಗ ಸಡಿಲ ಜಾಸ್ತಿ ಬಿಟ್ಟಿದ್ದರೆ ಪಾಪ ಅದಕ್ಕೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಸ್ಲೈಡ್ ಸಿಕ್ಕಿಕೊಂಡಿದೆ ಅಂದುಕೊಂಡು ಕಿಡಿ ಕತ್ತರಿಸುತ್ತದೆ. ಹಾಗಾಗಿ ಈ ಗಾಡಿಗಳಲ್ಲಿ ಫ್ರೀ ಪ್ಲೇ ಜಾಸ್ತಿ ಇದ್ದರೂ ತಪ್ಪು, ಕಡಿಮೆ ಇದ್ದರೂ ತಪ್ಪು. ಆ ಸ್ವಿಚ್‌ನ ಕನೆಕ್ಟರ್ ಕಿತ್ತು ಹಾಕಿ ಓಡಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕಿತ್ತರೆ ಎಂಜಿನ್ ಓಡಬಹುದು, ಸ್ಲೈಡ್ ನಿಜವಾಗಿ ಸಿಕ್ಕಿಕೊಂಡ ದಿನ ನಿಲ್ಲಿಸುವವರು ಯಾರೂ ಇರುವುದಿಲ್ಲ. ಫ್ರೀ ಪ್ಲೇ ಸರಿ ಮಾಡಿ, ಆಮೇಲೂ ಸಾಯುತ್ತಿದ್ದರೆ ಸ್ವಿಚ್ಚನ್ನೇ ಪರೀಕ್ಷಿಸಿ.

ಓಡಿಸಿ ನೋಡುವುದು

ಗಾಡಿ ಕೆಳಗಿಳಿಸಿ, ಬಯಲು ಜಾಗದಲ್ಲಿ, ಕಡಿಮೆ ವೇಗದಲ್ಲಿ. ಮೊದಲು ಕಿಲ್ ಸ್ವಿಚ್ ಒತ್ತಿ ಎಂಜಿನ್ ನಿಲ್ಲುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ, ಟೆದರ್ ಕಿತ್ತೂ ನೋಡಿ. ಕೂತು ಒಂದು ಸುತ್ತು, ನಿಂತು ಒಂದು ಸುತ್ತು, ಎಡಕ್ಕೆ ಬಲಕ್ಕೆ ಬಿಗಿ ತಿರುವು. ಅರ್ಧ ಗಂಟೆಯ ಮೇಲೆ ನಿಲ್ಲಿಸಿ ಲಾಕ್ ನಟ್ ಮತ್ತು ರೈಸರ್ ಬೋಲ್ಟ್ ಮುಟ್ಟಿ ನೋಡಿ. ಹೊಸ ಕೇಬಲ್ ಆದರೆ ಮೊದಲ ಕೆಲವು ಸವಾರಿಗಳಲ್ಲಿ ಕವಚ ಗುಳಿಯಲ್ಲಿ ಕೂತುಕೊಂಡು ಫ್ರೀ ಪ್ಲೇ ಸ್ವಲ್ಪ ಜಾಸ್ತಿ ಆಗುತ್ತದೆ, ಮತ್ತೊಮ್ಮೆ ತಿದ್ದಬೇಕಾಗುತ್ತದೆ.

ಕೊನೆಯ ಪರೀಕ್ಷೆ ಮರುದಿನ ಬೆಳಿಗ್ಗೆ. ಗಾಡಿ ರಾತ್ರಿಯಿಡೀ ಹೊರಗೆ ಚಳಿಯಲ್ಲಿ ನಿಂತಿರಲಿ. ಕೀ ಹಾಕುವ ಮುಂಚೆ ಲಿವರ್ ಒತ್ತಿ ಬಿಡಿ. ಬೆಚ್ಚಗಿನ ಗ್ಯಾರೇಜ್‌ನಲ್ಲಿ ಟಕ್ ಅಂತ ಬರುತ್ತಿದ್ದದ್ದು ಇಲ್ಲಿ ಎಳೆದಾಡುತ್ತಾ ಬಂದರೆ ಕೇಬಲ್‌ನಲ್ಲಿ ನೀರೋ ಹಳೆಯ ಗ್ರೀಸೋ ಇದೆ. ಹಾಗಿದ್ದಾಗ ಎಂಜಿನ್ ಶುರು ಮಾಡಬೇಡಿ. ಕೇಬಲ್ ತೆಗೆದು ಒಣಗಿಸಿ ಎಣ್ಣೆ ಬಿಡಿ, ಇಲ್ಲವೇ ಬದಲಿಸಿ.

ನಾನು ಹುಡ್‌ನ ಒಳಮೈಗೆ ಒಂದು ತುಂಡು ಟೇಪ್ ಅಂಟಿಸಿ, ಅದರ ಮೇಲೆ ಮಾರ್ಕರ್‌ನಲ್ಲಿ ಮೂರು ಸಾಲು ಬರೆದಿದ್ದೇನೆ: ಹ್ಯಾಂಡಲ್ ಯಾವ ಹಂತದಲ್ಲಿದ್ದಾಗ ಅಳೆದೆ, ಫ್ರೀ ಪ್ಲೇ ಎಷ್ಟು, ಅಡ್ಜಸ್ಟರ್‌ನ ಎಷ್ಟು ಮರೆ ಹೊರಗೆ ಕಾಣುತ್ತದೆ. ಗಾಡಿಯನ್ನು ಬೇರೆಯವರು ತೆಗೆದುಕೊಂಡು ಹೋಗಿ ಹ್ಯಾಂಡಲ್ ತಮಗೆ ಬೇಕಾದ ಹಾಗೆ ಎತ್ತಿ ತಂದಾಗ, ಮೊದಲು ನೋಡುವುದು ಆ ಟೇಪನ್ನೇ.